ನೆಲ ಎಂದು ಕೂಗುವವನು

ಮಹಡಿಯ ಮನೆ, ಕಿಟಕಿ ಪಕ್ಕದ ಮಂಚ
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಗಿನ ಹತ್ತು ಗಂಟೆ

ಪ್ರೀತಿಯ ಮರಿ,

ನಿನಗೆ ನಲವತ್ತು ದಾಟಿದೆ, ಫೋಟೊದಲ್ಲಿ ಕೂದಲಿಗಿಂತ ನೆತ್ತಿಯೇ ಹೆಚ್ಚು ಕಾಣುತ್ತದೆ ಎಂದು ನಿಮ್ಮತ್ತಿಗೆ ನಗುತ್ತಾಳೆ. ಆದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಬಂದರೂ ನೀನು ಓಗೊಡುವವನಲ್ಲ. ಹೇಗಿದ್ದೀಯ? ಸೊಂಟ ಹಿಡಿದುಕೊಂಡಿದ್ದು ಬಿಟ್ಟಿತೇ? ಲಿಫ್ಟಿನ ಗುಂಡಿಗೆ ಇಳಿಯುವ ಮೊದಲು ಕರೆಂಟು ಆರಿಸಿದ್ದಾರೋ ಇಲ್ಲವೋ ನೀನೇ ಕಣ್ಣಾರೆ ನೋಡಿಕೊಂಡು ಇಳಿ. ಮೇಲೆ ನಿಂತವನು ಆರಿಸಿದ್ದೇನೆ ಅಂದ ಮಾತ್ರಕ್ಕೆ ನಂಬಬೇಡ, ಅವನು ಸ್ವಂತ ಅಣ್ಣನಾದರೂ ಸರಿಯೇ. ನಿಮ್ಮನೆಯವಳ ಕೆಮ್ಮು ಕಡಿಮೆಯಾಯಿತೇ? ಪುಟ್ಟಿ ಶಾಲೆಗೆ ಸೇರಿದಳಂತೆ, ನೂರರವರೆಗೆ ತಡೆಯಿಲ್ಲದೆ ಎಣಿಸುತ್ತಾಳಂತೆ. ಅಮ್ಮನೇ ಕಲಿಸಿದ್ದಂತೆ, ಅಪ್ಪ ಎಣಿಸುವುದಕ್ಕೆ ಬಾಯಿಯೇ ಬಿಡುವುದಿಲ್ಲವಂತೆ. ನಿಮ್ಮತ್ತಿಗೆ ಫೋನು ಇಟ್ಟು ಇದನ್ನು ಹೇಳಿದ ದಿನ ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟೆ. ಉಪ್ಪು ಹೆಚ್ಚಾಯಿತೇನೋ ಎಂದು ಅವಳು ನನ್ನ ತಟ್ಟೆಯಿಂದ ರುಚಿ ನೋಡಿದಳು.

ನನ್ನ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಆಗಿ ಇವತ್ತಿಗೆ ಇಪ್ಪತ್ತೊಂದು ದಿನ. ಬದುಕಿದ್ದೇನೆ, ಗಾಬರಿ ಬೇಡ. ತೊಡೆಯಿಂದ ಹಿಮ್ಮಡಿಯ ಮೇಲಿನವರೆಗೂ ಬೆಲ್ಟುಗಳಿರುವ ಕವಚವೊಂದನ್ನು ಬಿಗಿದಿದ್ದಾರೆ, ಕಾಲು ಬಾಗಿಲ ಅಗುಳಿಯ ಹಾಗೆ ನೆಟ್ಟಗಿದೆ. ಇನ್ನೂ ಮೂರು ವಾರ ಮಡಚುವ ಹಾಗಿಲ್ಲ. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು, ನಿನಗೆ ಗೊತ್ತಲ್ಲ. ಕುಂಟಿಕೊಂಡಾದರೂ ದಿನಕ್ಕೆ ನಾಲ್ಕು ಬೀದಿ ಸುತ್ತಿ ಬರದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಈಗ ಚಾವಣಿಯಲ್ಲಿ ಬಿರುಕು ಎಷ್ಟಿವೆ ಎಂದು ಕೇಳು, ಹೇಳುತ್ತೇನೆ. ಹನ್ನೊಂದು. ಅದರಲ್ಲಿ ಒಂದು ಹೋದ ವಾರಕ್ಕಿಂತ ಉದ್ದವಾಗಿದೆ ಎಂದು ನನಗೆ ಅನುಮಾನ. ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಮಂಚ ಸರಿಸಿಸಿದೆ, ಗಾಳಿ ಬರುವುದಿಲ್ಲವೆಂದು ಮತ್ತೆ ಸರಿಸಿಸಿದೆ, ಬೀದಿ ಕಾಣುವುದಿಲ್ಲವೆಂದು ಮೂರನೆಯ ಸಲ ಈ ಕಿಟಕಿಯ ಹತ್ತಿರ ತರಿಸಿದೆ. ದಿನವಿಡೀ ಇಸ್ತ್ರಿ ಅಂಗಡಿಯಲ್ಲಿ ನಿಂತು ಬಂದ ನಿಮ್ಮತ್ತಿಗೆ, "ಆ ಡಾಕ್ಟ್ರು ಕಾಲು ಕಟ್ಟಿದ್ರು ಸರಿ, ಬಾಯಿನೂ ಕಟ್ಟಿ ಕಳಿಸಬಹುದಿತ್ತು" ಅಂದಳು. ಹೇಳಲಿ ಪಾಪ.

ಇವತ್ತು ಬೆಳಿಗ್ಗೆ ಎದುರುಮನೆಗೆ ಯಾರೋ ಹೊಸಬರು ಬಂದರು. ಲಾರಿಯಿಂದ ಬೀರು ಇಳಿಸುವುದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಹಗ್ಗವನ್ನು ಸೊಂಟಕ್ಕೆ ಬಿಗಿಯುವ ಬದಲು ಕುತ್ತಿಗೆಗೆ ಬಿಗಿದಿದ್ದಾರೆ, ಬಾಗಿಲಿಗೆ ಬಟ್ಟೆಯಿಲ್ಲ, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಕಿಟಕಿಯಿಂದಲೇ ಕೂಗಿದೆ. ತಲೆಯೆತ್ತಿ ನೋಡಿದರು, ಯಾವನೋ ಹುಚ್ಚ ಎಂದುಕೊಂಡಿರಬೇಕು, ಹಾಗೇ ಒಳಗೆ ಹೋದರು. ಅಪ್ಪ ಇದ್ದಿದ್ದರೆ ಅಲ್ಲೇ ಇಳಿಸಿ ಪಾಠ ಮಾಡುತ್ತಿದ್ದ. ಸಾಮಾನು ಸಾಗಿಸುವ ಕೆಲಸದಲ್ಲಿ ಅಪ್ಪನದು ಒಂದೇ ಕಾನೂನು: ಕೆಳಗಿನವನದು ಬೆನ್ನು, ಮೇಲಿನವನದು ಬಾಯಿ. ಬೀರು ಇಳಿಸುವ ಮೊದಲು ಮೇಲಿನವನು ಬರಿಗೈಯಲ್ಲಿ ಇಳಿದು ಮೆಟ್ಟಿಲು ಎಣಿಸಿ ಬರಬೇಕು. ಆಮೇಲೆ ಕೆಳಗಿನವನು ಹಿಂದುಮುಂದಾಗಿ, ಮುಖಕ್ಕೆ ಮರ ಒತ್ತಿಕೊಂಡು, ಏನೂ ಕಾಣದೆ ಇಳಿಯುತ್ತಾ ಹೋಗುವುದು, ಮೇಲಿನವನು ಒಂದೊಂದೇ ಎಣಿಸುವುದು. ಮೆಟ್ಟಿಲೆಲ್ಲ ಮುಗಿದಾಗ "ನೆಲ" ಎಂದು ಕೂಗಬೇಕು. ಕೆಳಗಿನವನು ಮನಸ್ಸಿನಲ್ಲೂ ಎಣಿಸಕೂಡದು. ಎರಡು ಬಾಯಿ ಎಣಿಸಿದರೆ ಕಾಲು ಯಾರ ಮಾತು ಕೇಳಬೇಕು ಎಂದು ಅಪ್ಪ ಕೇಳುತ್ತಿದ್ದ. ನಾನು ಬೆನ್ನು, ನೀನು ಬಾಯಿ. ಹದಿನಾರು ವರ್ಷ ಹಾಗೆ ಇಳಿದೆವು, ಒಂದು ಗಾಜಿನ ಲೋಟವೂ ಒಡೆಯಲಿಲ್ಲ.

ಆ ಕನ್ನಡಿ ಬೀರಿನ ದಿನ ಏನಾಯಿತೆಂದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನೀನು ಹದಿನೇಳು ಎಂದೆ, ನೆಲ ಎಂದೆ. ನಾನು ಕುಸಿದೆ. ಬೀರು ನನ್ನ ಪಕ್ಕಕ್ಕೆ ಉರುಳಿ ಕನ್ನಡಿ ಚೂರುಚೂರಾಯಿತು. "ಇನ್ನೊಂದು ಮೆಟ್ಟಿಲಿತ್ತಲ್ಲೋ" ಎಂದು ನಾನು ಕಿರುಚಿದೆ. ಅಪ್ಪ ಲಾರಿಯ ಹತ್ತಿರದಿಂದ ಓಡಿಬಂದು ನಿನ್ನ ಮುಖ ನೋಡಿ, "ಎಣಿಸೋಕೆ ಬರದೋನು ಬಾಯಿ ಮುಚ್ಕೊಂಡು ಮನೇಲಿರಬೇಕು" ಅಂದ. ನೀನು ಬಾಯಿ ಮುಚ್ಚಿಕೊಂಡೆ. ಅಷ್ಟೇ ಅಲ್ಲ, ತಿಂಗಳೊಳಗೆ ಊರು ಬಿಟ್ಟೆ, ಮೆಟ್ಟಿಲಿನ ಸಹವಾಸವೇ ಬೇಡವೆಂದು ಲಿಫ್ಟು ರಿಪೇರಿಗೆ ಸೇರಿಕೊಂಡೆ. ಈ ಒಂಬತ್ತು ವರ್ಷದಲ್ಲಿ ಒಂದೇ ಸಲ, ಅಪ್ಪ ತೀರಿಕೊಂಡಾಗ, ಬಂದವನು ಒಂದು ದಿನ ಇದ್ದು ಹೊರಟೆ. ಆಗಲೂ ನಾನು ತೊಡೆಯನ್ನು ಅಂಗೈಯಿಂದ ಒತ್ತಿಕೊಂಡು ನಡೆಯುವುದನ್ನು ನೋಡಲಾರದೆ ಗೋಡೆ ಕಡೆ ತಿರುಗಿದೆ. ನಾನು ನೋಡಿದೆ ಮರಿ, ನೋಡಲಿಲ್ಲ ಎಂದುಕೊಳ್ಳಬೇಡ.

ಇರಲಿ, ಆಪರೇಷನ್ ಬಗ್ಗೆ ಬರೆಯಬೇಕೆಂದು ಕೂತು ಎಲ್ಲಿಗೋ ಹೋದೆ. ಈ ವರ್ಷ ರಸ್ತೆ ದಾಟುವಾಗ ಎರಡು ಸಲ ಮಕಾಡೆ ಬಿದ್ದೆ. ಈ ಹಾಳು ಕಾಲಿನ ಭಾರ ಹೊತ್ತು ಹೊತ್ತು ಇನ್ನೊಂದು ಮಂಡಿಯೂ ಸವೆಯುತ್ತಿದೆ ಎಂದು ತಿಳಿದ ಮೇಲೆ ನಿಮ್ಮತ್ತಿಗೆ ಕೈಹಿಡಿದು ಎಳೆದುಕೊಂಡು ಹೋದಳು. ನರ ಹರಿದಿದೆ, ನರ ಹರಿದಿದೆ ಎಂದು ನಾವೆಲ್ಲ ಹೇಳುತ್ತಿದ್ದೆವಲ್ಲ, ಅದು ನರವೇ ಅಲ್ಲವಂತೆ. ಮಂಡಿಚಿಪ್ಪನ್ನು ಕೆಳಗಿನ ಎಲುಬಿಗೆ ಬಿಗಿಹಿಡಿಯುವ ಗಟ್ಟಿ ಪಟ್ಟಿ, ಟೆಂಡನ್ ಅನ್ನುತ್ತಾರೆ. ಅದು ಹರಿದರೆ ಚಿಪ್ಪಿಗೆ ಲಂಗುಲಗಾಮಿಲ್ಲ, ತೊಡೆಯ ಸ್ನಾಯು ಅದನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ನನ್ನದು ಮೂರು ಬೆರಳಷ್ಟು ಮೇಲೆ ಹೋಗಿ ಅಲ್ಲೇ ಸಂಸಾರ ಹೂಡಿತ್ತು. ಹರಿದ ವಾರದಲ್ಲೇ ಬಂದಿದ್ದರೆ ಎರಡು ತುದಿ ಸೇರಿಸಿ ಹೊಲಿದುಬಿಡುತ್ತಿದ್ದೆ, ಒಂಬತ್ತು ವರ್ಷವಾದ ಮೇಲೆ ಹೊಲಿಯಲು ತುದಿಯೇ ಉಳಿದಿಲ್ಲ ಎಂದರು ಡಾಕ್ಟರು. ಅದಕ್ಕೇ ಅದೇ ತೊಡೆಯ ಹಿಂಭಾಗದಿಂದ ಎರಡು ಟೆಂಡನ್ ತೆಗೆದು, ಚಿಪ್ಪಿಗೂ ಕೆಳಗಿನ ಎಲುಬಿಗೂ ಅಡ್ಡಡ್ಡ ತೂತು ಕೊರೆದು, ಅದರಲ್ಲಿ ಪೋಣಿಸಿ, ಚಿಪ್ಪನ್ನು ಕೆಳಗೆ ಎಳೆದು ಅದರ ಜಾಗದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಹೊಸ ಕಟ್ಟು ಕೂಡಿಕೊಳ್ಳುವವರೆಗೆ ಭಾರ ಹೊರಲು ಒಂದು ತಂತಿಯನ್ನೂ ಸುತ್ತಿದ್ದಾರೆ, ಆಮೇಲೆ ಅದನ್ನು ತೆಗೆಯುತ್ತಾರಂತೆ. ಮುಂಚಿನ ದಿನ ಕಾಗದದ ಮೇಲೆ ಬರೆದು ತೋರಿಸಿದರು. ನೋಡುತ್ತೇನೆ, ಬೀರಿಗೆ ನಾವು ಹಾಕುವ ಕಟ್ಟೇ ಅದು! ಗಂಟು ಮುಂದೆ ಬೇಡ ಸಾರ್, ಉಜ್ಜುತ್ತದೆ, ಪಕ್ಕಕ್ಕೆ ತನ್ನಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ತಾವೂ ಹಾಗೇ ಮಾಡುವುದು ಎಂದು ನಕ್ಕರು. ಈಗ ಸವರಿ ನೋಡಿದರೆ ಗಂಟು ಪಕ್ಕದಲ್ಲೇ ಇದೆ. ಕೆಲಸ ಬಲ್ಲ ಮನುಷ್ಯ.

ವ್ಯಾಯಾಮ ಮಾಡಿಸಲು ದಿನ ಬಿಟ್ಟು ದಿನ ಒಬ್ಬ ಹೆಂಗಸು ಬರುತ್ತಾಳೆ. ಐವತ್ತು ದಾಟಿದ ಗಟ್ಟಿಗಿತ್ತಿ, ನಾನು ಹೆಡ್‌ಮಿಸ್ಟ್ರೆಸ್ ಎಂದು ಹೆಸರಿಟ್ಟಿದ್ದೇನೆ. ಕವಚ ಹಾಕಿಕೊಂಡೇ ತೊಡೆ ಬಿಗಿ ಮಾಡಬೇಕು, ಸಡಿಲ ಬಿಡಬೇಕು, ಮತ್ತೆ ಬಿಗಿ ಮಾಡಬೇಕು. ಮೊದಲ ವಾರ ನನ್ನ ತೊಡೆ ಯಾರ ಮಾತೂ ಕೇಳಲಿಲ್ಲ. ಒಂಬತ್ತು ವರ್ಷ ಎಳೆದರೂ ಏನೂ ಆಗದೆ ಅದಕ್ಕೆ ಎಳೆಯುವುದೇ ಮರೆತುಹೋಗಿತ್ತು. ಮೊನ್ನೆ ಭಾನುವಾರ ಅವಳು ಕಾಲಿನ ಕೆಳಗೆ ಅಂಗೈ ಇಟ್ಟು ಹಿಮ್ಮಡಿ ಎತ್ತಿ ಎಂದಳು. ಎತ್ತಿದೆ. ಎತ್ತಿದೆ ಅಂದರೆ ನಂಬು, ಒಂದು ಬೆರಳಷ್ಟು. ಅವಳ ಕೈ ಹೊರಗೆ ಬಂತು, ಕಾಲು ಗಾಳಿಯಲ್ಲಿತ್ತು. ನಿಮ್ಮತ್ತಿಗೆ ಹಾಸಿಗೆಯ ಮೇಲೇ ಕೂತು ಅತ್ತುಬಿಟ್ಟಳು. ನಾನೂ ಅತ್ತೆ, ಆದರೆ ನನ್ನ ಅಳುವಿಗೆ ಬೇರೆ ಕಾರಣವೂ ಇತ್ತು. ನಿನ್ನ ಕಾಗದ ದಿಂಬಿನ ಕೆಳಗಿತ್ತು.

ಆ ಕಾಗದದ ವಿಷಯ ಬರೆಯದೆ ವಿಧಿಯಿಲ್ಲ. ಬೇರೆಯವರ ಟೆಂಡನ್ ಕೂಡ ಹಾಕುತ್ತಾರಂತೆ ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು, ನೀನು ಹಿಂದೆಮುಂದೆ ನೋಡದೆ ಬರೆದು, ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಿ ಕಳಿಸಿದೆ. "ನನ್ನ ಬಲಗಾಲಿನಿಂದ ತೆಗೆದುಕೊಳ್ಳಲಿ. ನನ್ನದು ಗಟ್ಟಿಯಿದೆ. ಅದು ಅಣ್ಣನಿಗೆ ಸೇರಬೇಕಾದದ್ದೇ." ಡಾಕ್ಟರು ಓದಿ ಮಡಚಿ ನನ್ನ ಕೈಗೆ ಕೊಟ್ಟು, ಅವರ ಕಾಲು ಅವರಿಗೇ ಇರಲಿ, ನಿಮ್ಮ ತೊಡೆಯ ಹಿಂದೆ ಬೇಕಾದಷ್ಟಿದೆ ಎಂದರು. ಆಮೇಲೆ, ಇಂಥ ತಮ್ಮ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅದು ಯಾಕೆ ಅಣ್ಣನಿಗೆ ಸೇರಬೇಕಾದದ್ದು? ಯಾರು ಹೇಳಿದರು ನಿನಗೆ? ಇಪ್ಪತ್ತೊಂದು ದಿನದಿಂದ ಕಾಲಿನ ನೋವಿಗಿಂತ ಈ ಮೂರು ಸಾಲು ಹೆಚ್ಚು ಚುಚ್ಚುತ್ತಿವೆ. ಬಲಕ್ಕೆ ಹೊರಳಲಾರೆ, ಎಡಕ್ಕೆ ಹೊರಳಲಾರೆ, ದಿಂಬು ತಿರುಗಿಸಿ ಹಾಕಿಕೊಂಡರೂ ಕಾಗದ ಅಲ್ಲೇ ಇರುತ್ತದೆ.

ಇನ್ನೊಂದು ವಿಷಯ. ನಾನು ಬಿದ್ದ ದಿನ ತೆಗೆಸಿದ ಎಕ್ಸ್-ರೇ ನಿಮ್ಮತ್ತಿಗೆ ಬೀರಿನ ಹಿಂದೆ ಜೋಪಾನವಾಗಿ ಇಟ್ಟಿದ್ದಳು, ಅವಳು ಏನನ್ನೂ ಎಸೆಯುವವಳಲ್ಲ. ಆಪರೇಷನ್ನಿನ ಮುಂಚಿನ ದಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಚಿಪ್ಪಿನ ಕೆಳಗೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯೊಂದಿತ್ತು. ಪೆಟ್ಟಾದ ಟೆಂಡನ್ನಿನಲ್ಲಿ ಸುಣ್ಣ ಕಟ್ಟಿಕೊಳ್ಳುವುದು ಹೀಗೆ, ಆದರೆ ಅದಕ್ಕೆ ವಾರಗಟ್ಟಲೆ ಬೇಕು, ಬಿದ್ದ ದಿನವೇ ಇದು ಹೇಗೆ ಬಂತು ಎಂದರು. "ಬೀಳೋ ಮುಂಚೆನೇ ಈ ಮಂಡಿಗೆ ಪೆಟ್ಟಾಗಿತ್ತಾ?" ಎಂದು ನೇರವಾಗಿ ಕೇಳಿದರು. ನಿಮ್ಮತ್ತಿಗೆ ಪಕ್ಕದಲ್ಲೇ ನಿಂತಿದ್ದಳು. ಇಲ್ಲ ಸಾರ್ ಎಂದೆ. ಕೇಳಿದ್ದು ಬರೀ ಒಂದು ಪ್ರಶ್ನೆ, ನನ್ನ ಕೈ ಮಾತ್ರ ತಾನಾಗಿಯೇ ಮಂಡಿ ಮುಟ್ಟಿಕೊಂಡಿತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಹಾಗೆ. ಡಾಕ್ಟರು ಒತ್ತಾಯಿಸಲಿಲ್ಲ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಎದ್ದು ಹೋದರು. ನಿಮ್ಮತ್ತಿಗೆ ಎಕ್ಸ್-ರೇ ಕವರಿಗೆ ಹಾಕಿದಳು, ಏನೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು ಏನೂ ಕೇಳದಿದ್ದರೆ ಅದರ ಅರ್ಥ ನಿನಗೂ ಗೊತ್ತು, ನೀನೂ ಮದುವೆಯಾದವನೇ.

ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನದ ಫಜೀತಿ ಕೇಳು. ವಾರ್ಡಿನ ಇಬ್ಬರು ಗಟ್ಟಿ ಆಳುಗಳು ನನ್ನನ್ನು ಕುರ್ಚಿಯ ಸಮೇತ ಎತ್ತಿ ನಮ್ಮ ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದರು. ಜೀವಮಾನವೆಲ್ಲ ಸಾಮಾನು ಹೊತ್ತವನು ನಾನು, ಸಾಮಾನಾಗಿ ಕೂತದ್ದು ಅದೇ ಮೊದಲು. ಇಬ್ಬರೂ ಬಾಯಿಯೇ ಬಿಡರು! ಕೆಳಗಿನವನಿಗೆ ನನ್ನ ಕಾಲು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ, ಮೇಲಿನವನು ಹಲ್ಲು ಕಚ್ಚಿಕೊಂಡಿದ್ದಾನೆ. ಕುರ್ಚಿಯ ಹಿಡಿ ಕಚ್ಚಿ ಹಿಡಿದು, ನಾನೇ ಎಣಿಸಲು ಶುರುಮಾಡಿದೆ. ಒಂದು, ಎರಡು, ಮೂರು. ಎಂಟರ ಹೊತ್ತಿಗೆ ಅವರಿಬ್ಬರ ಹೆಜ್ಜೆ ನನ್ನ ದನಿಗೆ ಕೂಡಿಕೊಂಡಿತು. ಇಪ್ಪತ್ತೆರಡಾದ ಮೇಲೆ ನೆಲ ಎಂದೆ, ಇಬ್ಬರೂ ಹಗುರಾಗಿ ಕೆಳಗಿಟ್ಟರು. ಕೆಳಗಿನವನು ಬೆವರು ಒರೆಸಿಕೊಳ್ಳುತ್ತ, ಹಾಗೆ ಕೂಗಿದ್ದು ಒಳ್ಳೆಯದಾಯಿತು, ಧೈರ್ಯ ಬಂತು ಎಂದ. ನೀನು ಹದಿನಾರು ವರ್ಷ ನನಗೆ ಏನು ಕೊಡುತ್ತಿದ್ದೆ ಎಂದು ಆಗ ತಿಳಿಯಿತು ನೋಡು. ತಿಳಿದದ್ದು ತಡವಾಗಿ, ಅದೂ ಕುರ್ಚಿಯ ಮೇಲೆ ಕೂತು.

ಮುಂದಿನ ತಿಂಗಳು ಐದನೇ ತಾರೀಕು ಕವಚ ಸಡಿಲಿಸುತ್ತಾರೆ. ಆ ದಿನ ಎತ್ತಿಕೊಂಡು ಬರಕೂಡದು, ಕೋಲು ಹಿಡಿದು ತಾವೇ ಮೆಟ್ಟಿಲು ಇಳಿದು ಬರಬೇಕು ಎಂದು ಹೆಡ್‌ಮಿಸ್ಟ್ರೆಸ್ ಆಜ್ಞೆಯಾಗಿದೆ. ನನಗೆ ಮೆಟ್ಟಿಲು ನೆನೆಸಿಕೊಂಡರೇ ಬಾಯಿ ಒಣಗುತ್ತದೆ. ನಿನಗೆ ರಜೆ ಸಿಗುವುದು ಕಷ್ಟ, ಲಿಫ್ಟುಗಳು ನಿನ್ನನ್ನು ಕೇಳಿಕೊಂಡು ಕೆಡುವುದಿಲ್ಲ, ಆದ್ದರಿಂದ ಬಾ ಎಂದು ಒತ್ತಾಯ ಮಾಡುವುದಿಲ್ಲ. ಬಂದರೆ ಸಂತೋಷ. ಬರದಿದ್ದರೂ ಬೇಜಾರಿಲ್ಲ.

ನಿನ್ನೆ ಸಂಜೆ ನಿಮ್ಮತ್ತಿಗೆ ಈ ಹಾಳೆಗಳನ್ನೂ ಪೆನ್ನನ್ನೂ ಮಂಚದ ಮೇಲೆ ಇಟ್ಟು, "ಮರಿಗೆ ಬರೀರಿ. ಅದು ನಾನು ಹೇಳೋ ಮಾತಲ್ಲ" ಎಂದು ಒಳಗೆ ಹೋದಳು. ಅದಕ್ಕೇ ಇಷ್ಟೆಲ್ಲ ಬರೆದೆ. ನೋಡು, ನಾಲ್ಕು ಹಾಳೆ ತುಂಬಿದೆ, ಬಿರುಕು, ಬೀರು, ಹೆಡ್‌ಮಿಸ್ಟ್ರೆಸ್ ಎಲ್ಲ ಬಂತು. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರೆ, ಆಡದೆ ಉಳಿದ ಮಾತಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ಅವಳು ಅಂಚೆಗೆ ಹಾಕಲು ಹೊರಟಿದ್ದಾಳೆ, ಮುಗಿಸುತ್ತೇನೆ.

ನಿಮ್ಮನೆಯವಳಿಗೆ ನನ್ನ ಆಶೀರ್ವಾದ ಹೇಳು, ತಣ್ಣೀರಿನಲ್ಲಿ ಹೆಚ್ಚು ಹೊತ್ತು ನಿಲ್ಲಬಾರದೆಂದು ಹೇಳು. ಪುಟ್ಟಿಗೆ ದೊಡ್ಡಪ್ಪನ ಮುತ್ತು. ನಿನ್ನ ಎರಡು ಕಾಲೂ ನಿನ್ನ ಹತ್ತಿರವೇ ನೂರು ವರ್ಷ ಗಟ್ಟಿಯಾಗಿರಲಿ.

ಇಂತು ನಿನ್ನ ಒಳ್ಳೆಯದನ್ನೇ ಬಯಸುವ,
ಅಣ್ಣ

ತಾ.ಕ.: ನಿಮ್ಮತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಹೇಗಾದರೂ ಇರಲಿ. ಡಾಕ್ಟರಿಗೆ ನಾನು ಹೇಳಿದ್ದು ಸುಳ್ಳು. ಬೀರು ಬೀಳುವುದಕ್ಕೆ ಆರು ವಾರ ಮುಂಚೆ ನೀನು ಜ್ವರ ಬಂದು ಮಲಗಿದ್ದೆಯಲ್ಲ, ಆಗ ಹೊಲಿಗೆ ಯಂತ್ರವೊಂದನ್ನು ಒಬ್ಬನೇ ಹೆಗಲಿಗೇರಿಸಿ ಲಾರಿಯಿಂದ ಧುಮುಕಿದೆ. ಮಂಡಿಯಲ್ಲಿ ಟಪ್ ಎಂದಿತು. ಪ್ಯಾಂಟಿನ ಒಳಗೆ ಬಟ್ಟೆ ಸುತ್ತಿ, ನೋವಿನ ಮಾತ್ರೆ ನುಂಗಿ ಆರು ವಾರ ದೂಡಿದೆ. ಹೇಳಿದ್ದರೆ ಅಪ್ಪ ನಿನ್ನನ್ನು ಬೆನ್ನಿಗೆ ಹಾಕಿ ನನ್ನನ್ನು ಬಾಯಿಗೆ ಹಾಕುತ್ತಿದ್ದ. ಆ ಹೊತ್ತಿಗೆ ನೀನು ನನಗಿಂತ ಗಟ್ಟಿಗನಾಗಿದ್ದೆ, ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ನಿನಗೊಬ್ಬನಿಗೆ ಗೊತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಅವತ್ತು ನೀನು ಹದಿನೇಳು ಎಂದೆ, ಹದಿನೇಳೇ ಇದ್ದವು. ನೀನು ನೆಲ ಎಂದೆ. ನನ್ನ ಎರಡು ಪಾದವೂ ನೆಲದ ಮೇಲಿದ್ದವು ಮರಿ. ಮೊದಲೇ ಅರ್ಧ ಹರಿದಿದ್ದ ಮಂಡಿ ಪೂರ್ತಿ ಕೈಕೊಟ್ಟಿತು, ಬಾಯಿಗೆ ಬಂದದ್ದನ್ನು ಕಿರುಚಿದೆ. ನೀನು ಹಿಂದೆ ಹೋಗಿ ಇನ್ನೊಮ್ಮೆ ಎಣಿಸಿದ್ದರೆ ಗೊತ್ತಾಗುತ್ತಿತ್ತು, ಆದರೆ ಅಣ್ಣ ಹೇಳಿದ ಮೇಲೆ ನೀನು ಎಣಿಸಲಿಲ್ಲ. ಅಪ್ಪನಿಗೂ ಸಾಯುವವರೆಗೆ ನಿಜ ಹೇಳಲಿಲ್ಲ. ಯಾವಾಗಿನಿಂದ ಎಂದು ಡಾಕ್ಟರು ಕೇಳಿಬಿಡುತ್ತಾರೆಂದೇ ಆ ಎಕ್ಸ್-ರೇ ಆದ ಮೇಲೆ ಒಂಬತ್ತು ವರ್ಷ ಆಸ್ಪತ್ರೆಗೆ ಹೋಗಲಿಲ್ಲ. ತಪ್ಪಾಯಿತು. ಬೇಜಾರಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು, ಬೈಯಲಿಕ್ಕಾದರೂ ಬಾ, ಪುಟ್ಟಿಯನ್ನೂ ಕರೆದುಕೊಂಡು ಬಾ. ಐದನೇ ತಾರೀಕು ಬೆಳಿಗ್ಗೆ ಮೇಲಿನ ಮೆಟ್ಟಿಲ ಮೇಲೆ ನಿಂತು ನೀನೇ ಎಣಿಸು, ಪುಟ್ಟಿಗೂ ಕೇಳಿಸುವ ಹಾಗೆ ಜೋರಾಗಿ ಎಣಿಸು. ನೀನು ನೆಲ ಎನ್ನುವವರೆಗೆ ನಾನು ಕೊನೆಯ ಮೆಟ್ಟಿಲಿನಿಂದ ಕಾಲು ಎತ್ತುವುದಿಲ್ಲ.